ಕಲ್ಪಿತ ಪಾತ್ರಗಳಿಗೆ ಹಳೆಯ ಹೆಸರುಗಳು

ಮನುಷ್ಯನಿಗೆ ಲೋಕದಲ್ಲಿ ಮೊದಲು ದೊರೆಯುವ ಸೊತ್ತು ಅವನ ಹೆಸರು. ಅವನು ಕಾಲವಾದ ಮೇಲೆ ಬಹುಕಾಲ ಉಳಿಯುವ ಸೊತ್ತೂ ಅದೇ. ಮನೆ ಬೀಳುತ್ತದೆ, ಹೊಲ ಕೈ ಬದಲಾಯಿಸುತ್ತದೆ, ವಂಶ ನಿಲ್ಲುತ್ತದೆ. ಆದರೆ ಊರ ಮುಂದಣ ಕಲ್ಲಿನ ಮೇಲೆ ಕೊರೆದ ಹೆಸರು ಸಾವಿರ ವರ್ಷಗಳ ಬಿಸಿಲು ಮಳೆಗಳನ್ನು ತಾಳಿಕೊಂಡು ನಿಂತಿರುತ್ತದೆ. ಇಂತಹ ಹೆಸರುಗಳ ವಿಚಾರವಾಗಿ ಇಂದು ಕೆಲವು ಮಾತುಗಳನ್ನು ಹೇಳಬೇಕೆಂದಿದ್ದೇವೆ. ಅದಕ್ಕೆ ಕಾರಣವಾದುದು ಒಂದು ಆಟ.

ಈಚೆಗೆ ನಮ್ಮ ಪರಿಚಯದ ಕೆಲವರು ತರುಣರು ಒಂದು ಪ್ರಶ್ನೆಯನ್ನು ಹೊತ್ತುಕೊಂಡು ನಮ್ಮಲ್ಲಿಗೆ ಬಂದರು. ಅವರು ಆಡುವುದು ಪಾತ್ರಧಾರಣೆಯ ಆಟ. ನಾಲ್ಕಾರು ಮಂದಿ ಒಂದು ಮೇಜಿನ ಸುತ್ತ ಕುಳಿತು, ಒಬ್ಬೊಬ್ಬರು ಒಂದೊಂದು ಕಲ್ಪಿತ ಪಾತ್ರವನ್ನು ವಹಿಸಿಕೊಂಡು, ದಾಳಗಳನ್ನು ಉರುಳಿಸುತ್ತ, ಮಾತಿನಲ್ಲಿಯೇ ಒಂದು ಕಥೆಯನ್ನು ಬೆಳೆಸಿಕೊಂಡು ಹೋಗುವ ಆಟವದು. 1974ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಎಂಬುದರಿಂದ ಈ ಬಗೆಯ ಆಟಗಳು ಪ್ರಚಾರಕ್ಕೆ ಬಂದವು. ನಮ್ಮ ತರುಣರು ತಮ್ಮ ಕಥೆಯನ್ನು ಪರದೇಶದ ಕೋಟೆಗಳಲ್ಲಿ ನಡೆಸದೆ, ಗಂಗರು ರಾಷ್ಟ್ರಕೂಟರು ಆಳುತ್ತಿದ್ದ ಕನ್ನಡ ನಾಡಿನಲ್ಲಿಯೇ ನಡೆಸಬೇಕೆಂದು ಸಂಕಲ್ಪಿಸಿದ್ದರು. ಮಾಯೆ ಮಂತ್ರಗಳೂ ಬ್ರಹ್ಮರಾಕ್ಷಸರೂ ಕಥೆಯಲ್ಲಿ ಇರಲಿ. ಜನ ಮಾತ್ರ ಆ ಕಾಲದ ಜನರಾಗಿರಬೇಕೆಂಬುದು ಅವರ ಆಸೆ. ಆದರೆ ಅವರು ಬರೆದುಕೊಂಡು ಬಂದಿದ್ದ ಹೆಸರುಗಳ ಪಟ್ಟಿಯಲ್ಲಿ ಒಬ್ಬ ರಣಧೀರನಿದ್ದನು, ಒಬ್ಬ ವೀರಪ್ರತಾಪಸಿಂಹನಿದ್ದನು, ಒಬ್ಬ ರಾಘವೇಂದ್ರನೂ ಒಬ್ಬ ಕೆಂಪೇಗೌಡನೂ ಇದ್ದರು. ಹೆಂಗಸೆಂದರೆ ಒಬ್ಬಳೇ, ಅವಳು ರಾಜಕುಮಾರಿ ಚಂದ್ರಮುಖಿ.

ಈ ಪಟ್ಟಿಯನ್ನು ಕಂಡು ನಗುವುದು ಸುಲಭ. ಆದರೆ ಅವರ ತಪ್ಪು ಅವರೊಬ್ಬರದೇ ಅಲ್ಲ. ನಮ್ಮ ಐತಿಹಾಸಿಕ ನಾಟಕಗಳೂ ಕಾದಂಬರಿಗಳೂ ಚಲನಚಿತ್ರಗಳೂ ಅನೇಕ ವೇಳೆ ಇದೇ ಹಾದಿಯನ್ನು ಹಿಡಿದಿವೆ. ಹಳೆಯದೆಂದರೆ ಸಂಸ್ಕೃತದ ಉದ್ದುದ್ದ ಸಮಾಸ, ವೀರನೆಂದರೆ ಸಿಂಹ, ಹೆಣ್ಣೆಂದರೆ ಚಂದ್ರ ಅಥವಾ ಕಮಲ. ಹೀಗೆ ಎಣಿಸಿಕೊಂಡುದರಿಂದ ನಮ್ಮ ಪೂರ್ವಿಕರೆಲ್ಲರೂ ಒಂದೇ ಅಚ್ಚಿನಲ್ಲಿ ಎರೆದ ಬೊಂಬೆಗಳಾಗಿ ಹೋಗಿದ್ದಾರೆ. ಹಾಗಾದರೆ ನಿಜವಾದ ಹೆಸರುಗಳು ಯಾವುವು? ಅವು ಎಲ್ಲಿ ಸಿಕ್ಕುತ್ತವೆ? ಅವುಗಳನ್ನು ಆರಿಸುವ ಬಗೆ ಹೇಗೆ? ಇದೇ ನಮ್ಮ ಈ ಭಾಷಣದ ವಿಷಯ.

ಕಾಲದ ಎಲ್ಲೆಯನ್ನು ಮೊದಲು ಹಾಕಿಕೊಳ್ಳೋಣ. ಕ್ರಿ. ಶ. ಸುಮಾರು 450ರ ಹಲ್ಮಿಡಿ ಶಾಸನದಿಂದ ಮೊದಲ್ಗೊಂಡು ಕ್ರಿ. ಶ. 1000ದ ಆಚೀಚೆಯವರೆಗೆ, ಎಂದರೆ ಕದಂಬರು, ಗಂಗರು, ಬಾದಾಮಿಯ ಚಾಲುಕ್ಯರು, ರಾಷ್ಟ್ರಕೂಟರು, ಕಲ್ಯಾಣದ ಚಾಲುಕ್ಯರ ಆದಿಭಾಗ, ಇಷ್ಟನ್ನು ತೆಗೆದುಕೊಳ್ಳಬಹುದು. ಆಧಾರಗಳು ಮೂರು: ಶಿಲಾಶಾಸನ, ತಾಮ್ರಪಟ, ಕಾವ್ಯ. ಇವುಗಳಲ್ಲಿ ತಾಮ್ರಪಟಗಳು ಅರಸರ ವಂಶಾವಳಿಯನ್ನು ಸಂಸ್ಕೃತದಲ್ಲಿ ವಿಸ್ತಾರವಾಗಿ ಹೇಳುತ್ತವೆ. ಆದರೆ ಅವುಗಳಲ್ಲಿ, ವಿಶೇಷವಾಗಿ ಗಂಗರವೆನ್ನಲಾದ ಪಟಗಳಲ್ಲಿ, ಕೂಟಶಾಸನಗಳೂ ಇವೆಯೆಂದು ಫ್ಲೀಟ್ ಮೊದಲಾದ ಪಂಡಿತರು ಎಚ್ಚರಿಕೆ ಕೊಟ್ಟಿದ್ದಾರೆ. ಕಾವ್ಯದಲ್ಲಿ ಕವಿಯ ವಂಶವೂ ಪೋಷಕರ ವಂಶವೂ ಬರುತ್ತವೆ. ಸಾಮಾನ್ಯ ಜನರ ಹೆಸರು ಬೇಕಾದವರು ಶಿಲಾಶಾಸನಗಳಿಗೇ ಹೋಗಬೇಕು. ಅದರಲ್ಲಿಯೂ ವೀರಗಲ್ಲುಗಳಿಗೆ ಮತ್ತು ನಿಸಿದಿ ಕಲ್ಲುಗಳಿಗೆ. ಬಿ. ಎಲ್. ರೈಸ್ ಅವರು 1886ರಲ್ಲಿ ಮೊದಲುಮಾಡಿ ಹನ್ನೆರಡು ಸಂಪುಟಗಳಲ್ಲಿ ಪ್ರಕಟಿಸಿದ ‘ಎಪಿಗ್ರಾಫಿಯ ಕರ್ನಾಟಿಕ’ವೂ, ಆರ್. ನರಸಿಂಹಾಚಾರ್ಯರು 1923ರಲ್ಲಿ ಪರಿಷ್ಕರಿಸಿ ಹೊರತಂದ ಶ್ರವಣಬೆಳಗೊಳದ ಸಂಪುಟವೂ ಇದಕ್ಕೆ ಅಕ್ಷಯವಾದ ಭಂಡಾರಗಳು.

ಅರಸರಿಂದಲೇ ಆರಂಭಿಸುವುದಾದರೆ, ಮೊದಲು ತಿಳಿಯಬೇಕಾದ ಸಂಗತಿಯೊಂದುಂಟು: ಬಿರುದು ಬೇರೆ, ಹೆಸರು ಬೇರೆ. ಅಮೋಘವರ್ಷನೆಂಬುದು ಹುಟ್ಟಿದ ಮಗುವಿಗೆ ತೊಟ್ಟಿಲಲ್ಲಿ ಇಟ್ಟ ಹೆಸರಲ್ಲ, ನೃಪತುಂಗನೆಂಬುದೂ ಅಲ್ಲ. ರಾಷ್ಟ್ರಕೂಟರಲ್ಲಿ ‘ವರ್ಷ’ ಎಂದು ಕೊನೆಗೊಳ್ಳುವ ಬಿರುದುಗಳ ಸಾಲೇ ಇದೆ. ಕೃಷ್ಣನೆಂಬ ಹೆಸರುಳ್ಳ ಮೂವರೂ ಅಕಾಲವರ್ಷರು, ಧ್ರುವನು ಧಾರಾವರ್ಷ, ಮೂರನೆಯ ಗೋವಿಂದನು ಪ್ರಭೂತವರ್ಷ. ಮಳೆಗರೆಯುವಂತೆ ಕೊಡುವವನೆಂಬುದು ಅದರ ಭಾವ. ತಲಕಾಡಿನ ಗಂಗರಲ್ಲಿ ಸತ್ಯವಾಕ್ಯ, ನೀತಿಮಾರ್ಗ ಎಂಬ ಬಿರುದುಗಳು ಒಬ್ಬರಾದ ಮೇಲೊಬ್ಬರಿಗೆ ಬರುತ್ತಿದ್ದುವು. ಕಲ್ಯಾಣದ ಚಾಲುಕ್ಯರು ಆಹವಮಲ್ಲ, ಜಗದೇಕಮಲ್ಲ, ತ್ರೈಲೋಕ್ಯಮಲ್ಲ ಎಂದು ‘ಮಲ್ಲ’ರಾದರು. ಒಂದು ಬಿರುದನ್ನು ಕಂಡ ಮಾತ್ರಕ್ಕೆ ಇದು ಯಾವ ಮನೆತನದ್ದೆಂದು ಹೇಳಿಬಿಡಬಹುದಾದಷ್ಟು ಇವು ಕಟ್ಟುನಿಟ್ಟಾದುವು. ಆದುದರಿಂದ ಗಂಗವಾಡಿಯ ಒಬ್ಬ ಸಣ್ಣ ಸಾಮಂತನಿಗೆ ‘ಶತ್ರುಮಲ್ಲವರ್ಷ’ನೆಂದು ಹೆಸರಿಟ್ಟರೆ, ಅದು ಎರಡು ಮನೆತನಗಳ ಕಿರೀಟಗಳನ್ನು ಒಂದೇ ತಲೆಗೆ ಹೇರಿದಂತೆ.

ಬಿರುದಿನ ಕೆಳಗಿರುವ ಹೆಸರಿಗೂ ಎರಡು ರೂಪಗಳುಂಟು. ತಾಮ್ರಪಟದಲ್ಲಿ ಕೃಷ್ಣನಾದವನು ಊರ ಕಲ್ಲಿನಲ್ಲಿ ಕನ್ನರನು. ಗೋವಿಂದನು ಗೊಜ್ಜಿಗನು, ಧ್ರುವನು ಧೋರನು, ದಂತಿದುರ್ಗನು ದಂತಿಗನು. ಧ್ರುವನ ಮಗನಾಗಿ ಗಂಗವಾಡಿಯನ್ನು ಆಳಿದ ಸ್ತಂಭನು ಕನ್ನಡದಲ್ಲಿ ಕಂಬರಸನಾದನು. ಗಂಗರ ರಾಜಮಲ್ಲನು ರಾಚಮಲ್ಲನಾದನು. ಬಾದಾಮಿಯ ಕೀರ್ತಿವರ್ಮನು ಕತ್ತಿಯರಸನಾದನು. ಇವುಗಳನ್ನು ಅಪಭ್ರಂಶಗಳೆಂದು ತಳ್ಳಿಹಾಕುವುದು ಸಲ್ಲದು. ಕಂಡವರು ಕರೆಯುತ್ತಿದ್ದ ಹೆಸರು, ಸೈನಿಕನು ತನ್ನ ಒಡೆಯನನ್ನು ನೆನೆಯುತ್ತಿದ್ದ ಹೆಸರು ಇದೇ. ಆಟದಲ್ಲಿ ಒಬ್ಬ ದೂತನು ಸಭೆಯಲ್ಲಿ ನಿಂತು ಅರಸನನ್ನು ಹೊಗಳುವಾಗ ಸಂಸ್ಕೃತದ ಹೆಸರನ್ನೂ ಬಿರುದುಗಳನ್ನೂ ಹೇಳಲಿ. ಅದೇ ದೂತನು ಬಿಡಾರಕ್ಕೆ ಹಿಂತಿರುಗಿ ಗೆಳೆಯನೊಡನೆ ಮಾತನಾಡುವಾಗ ‘ಕನ್ನರದೇವ’ನೆನ್ನಲಿ. ಇಷ್ಟರಿಂದಲೇ ಅರ್ಧ ಶತಮಾನವು ಕಣ್ಣಮುಂದೆ ಬಂದು ನಿಲ್ಲುತ್ತದೆ.

ಹೆಸರಿನ ಕೊನೆಯ ಭಾಗವು ಅಂತಸ್ತನ್ನು ತಿಳಿಸುತ್ತದೆ. ಇದಕ್ಕೆ ಕದಂಬ ವಂಶದ ಮೂಲಪುರುಷನಿಗಿಂತ ಒಳ್ಳೆಯ ನಿದರ್ಶನವಿಲ್ಲ. ತಾಳಗುಂದದ ಸ್ತಂಭಶಾಸನವು ಅವನನ್ನು ಮಯೂರಶರ್ಮನೆನ್ನುತ್ತದೆ. ಅವನು ವೇದಾಧ್ಯಯನಕ್ಕೆ ಕಂಚಿಗೆ ಹೋದ ಬ್ರಾಹ್ಮಣ. ಅವನ ವಂಶದವರು ಕಾಕುಸ್ಥವರ್ಮ, ಶಾಂತಿವರ್ಮ, ಮೃಗೇಶವರ್ಮ, ರವಿವರ್ಮ ಎಂದು ವರ್ಮರಾದರು; ಮುಂದಿನ ಕಾಲದವರು ಅವನನ್ನೂ ಹಿಂದಕ್ಕೆ ಸೆಳೆದು ಮಯೂರವರ್ಮನನ್ನಾಗಿ ಮಾಡಿದರು. ದರ್ಭೆಯನ್ನು ಬಿಟ್ಟು ಕತ್ತಿಯನ್ನು ಹಿಡಿದ ಒಂದು ಮನೆತನದ ಕಥೆಯೆಲ್ಲವೂ ಶರ್ಮ ವರ್ಮಗಳೆಂಬ ಈ ಎರಡು ಪದಗಳ ನಡುವೆ ಅಡಗಿದೆ. ಮೊಮ್ಮಗನಿಗೆ ತಾತನ ಹೆಸರಿಡುವ ಪದ್ಧತಿಯೂ ಅರಸರಲ್ಲಿತ್ತು. ಮೊದಲನೆಯ ಪುಲಿಕೇಶಿಯ ಮಗ ಕೀರ್ತಿವರ್ಮ, ಅವನ ಮಗ ಮತ್ತೆ ಪುಲಿಕೇಶಿ. ಆ ಎರಡನೆಯ ಪುಲಿಕೇಶಿಗೆ ಪಟ್ಟವಾಗುವುದಕ್ಕೆ ಮೊದಲು ಎಱೆಯ ಎಂಬ ಹೆಸರಿತ್ತು. ಸಿಂಹಾಸನವೇರಿದ ಮೇಲೆ ತಾತನ ಹೆಸರನ್ನು ತಳೆದನು.

ಅರ್ಥವು ಮಂಗಳಕರವಾಗಿಯೇ ಇರಬೇಕೆಂಬ ಭಾವನೆಯನ್ನೂ ಬಿಡಬೇಕು. ಆರನೆಯ ಶತಮಾನದ ಗಂಗರಲ್ಲಿ ಅವಿನೀತನೆಂಬ ದೊರೆ, ಅವನ ಮಗ ದುರ್ವಿನೀತ. ವಿನಯವಿಲ್ಲದವನು, ಕೆಟ್ಟ ನಡೆಯವನು ಎಂದು ನಿಘಂಟು ಹೇಳುತ್ತದೆ. ಆದರೆ ದುರ್ವಿನೀತನು ವಿದ್ವಾಂಸನೆಂದು ಹೆಸರಾದವನು. ‘ಕವಿರಾಜಮಾರ್ಗ’ವು ಕನ್ನಡ ಗದ್ಯಕಾರರನ್ನು ಎಣಿಸುವಾಗ ದುರ್ವಿನೀತನೆಂಬ ಹೆಸರನ್ನು ಹೇಳುತ್ತದೆ. ಬಾದಾಮಿಯ ಬಂಡೆಯ ಮೇಲೆ, ಕ್ರಿ. ಶ. ಸುಮಾರು 700ರಲ್ಲಿ, ಕನ್ನಡದ ಬಹು ಹಳೆಯ ತ್ರಿಪದಿಗಳಲ್ಲಿ ಹೊಗಳಿಸಿಕೊಂಡ ವೀರನು ಕಪ್ಪೆ ಅರಭಟ್ಟ. ಇಂದಿನ ಕಿವಿಗೆ ಹಾಸ್ಯವಾಗಿ ಕೇಳಿಸುವ ಆ ಹೆಸರಿನ ಮುಂದೆ ಯಾವ ರಣಧೀರನೂ ನಿಲ್ಲಲಾರನು.

ಇನ್ನು ಜನಸಾಮಾನ್ಯರ ಹೆಸರುಗಳು. ಗಂಡಸರಲ್ಲಿ ‘ಇಗ’, ‘ಉಗ’ ಎಂದು ಮುಗಿಯುವ ಗಿಡ್ಡ ಹೆಸರುಗಳು ಹೇರಳ: ಬೂತುಗ, ಬದ್ದೆಗ, ಇರುಗ. ಅಯ್ಯ, ಅಪ್ಪ, ಅಣ್ಣ ಎಂಬ ಗೌರವದ ಮಾತುಗಳು ಸೇರಿ ಮಾರಯ್ಯ, ಮಲ್ಲಪ, ಎಱೆಯಪ್ಪ, ರೇಚಣ ಎಂದಾಗುತ್ತವೆ. ಅವೇ ಎರಡೆರಡಾಗಿ ಕೂಡಿ ಭೀಮಪಯ್ಯನಾಗುವುದೂ ಉಂಟು. ಎಱೆ ಎಂದರೆ ಒಡೆಯ. ಹೀಗಾಗಿ ಎಱೆಯಂಗ, ಎಱೆಯಪ್ಪ ಎಂಬುವು ಗೌರವಸ್ಥರ ಮನೆಯ ಹೆಸರುಗಳು. ನಾಗನ ಹೆಸರು ಎಲ್ಲೆಲ್ಲಿಯೂ ಹರಡಿದೆ: ನಾಗದೇವ, ನಾಗಮಯ್ಯ, ನಾಗಾರ್ಜುನ; ಬೆಂಗಳೂರಿನ ಬಳಿಯ ಬೇಗೂರಿನ ವೀರಗಲ್ಲಿನಲ್ಲಿ ಯುದ್ಧದಲ್ಲಿ ಮಡಿದ ನಾಗತ್ತರ.

ವೃತ್ತಿಯೂ ಪದವಿಯೂ ಹೆಸರಿಗೆ ಅಂಟಿಕೊಂಡು ಬರುತ್ತವೆ. ಊರ ಮುಖ್ಯಸ್ಥನು ಗಾಮುಂಡ. ಈ ಮಾತೇ ಮುಂದೆ ಗಾವುಂಡವಾಗಿ, ಕೊನೆಗೆ ಗೌಡವಾಯಿತು. ನಮ್ಮ ತರುಣರ ಕೆಂಪೇಗೌಡನು ಎಂಟನೆಯ ಶತಮಾನಕ್ಕೆ ಹೋಗಬೇಕಾದರೆ ಗೌಡನಾಗಿ ಹೋಗುವಂತಿಲ್ಲ. ವ್ಯಾಪಾರಿ ಸೆಟ್ಟಿ, ಅಧಿಕಾರಿ ಪೆರ್ಗಡೆ, ಲೆಕ್ಕ ಬರೆಯುವವನು ಸೇನಬೋವ, ಶಿಲ್ಪಿ ಆಚಾರಿ ಅಥವಾ ಓಜ, ಶಿವಾಲಯದ ತಪಸ್ವಿ ಗೊರವ. ಪಟ್ಟದಕಲ್ಲಿನಲ್ಲಿ ಲೋಕಮಹಾದೇವಿಯು ಕಟ್ಟಿಸಿದ ಮಹಾದೇವಾಲಯದ ಶಿಲ್ಪಿ ಗುಂಡ ಅನಿವಾರಿತಾಚಾರಿ. ‘ಅನಿವಾರಿತ’ವೆಂಬುದು ಎರಡನೆಯ ವಿಕ್ರಮಾದಿತ್ಯನ ಸ್ವಂತ ಬಿರುದು. ಅದು ಒಬ್ಬ ಕಲ್ಲುಕುಟಿಗನ ಹೆಸರಿನಲ್ಲಿ ಸೇರಿದೆ; ಕೆಳಗೆ ಅವನ ತಾಯಿ ಕರೆದ ‘ಗುಂಡ’ ಎಂಬ ಹೆಸರು ಹಾಗೆಯೇ ಉಳಿದಿದೆ. ಒಂದು ಪಾತ್ರಕ್ಕೆ ಬೇಕಾದ ಚರಿತ್ರೆಯೆಲ್ಲವೂ ಈ ಒಂದು ಹೆಸರಿನಲ್ಲಿಯೇ ಇದೆಯಲ್ಲವೆ?

ಧ್ವನಿಯ ವಿಷಯದಲ್ಲಿಯೂ ಒಂದು ಮಾತು. ಹಳಗನ್ನಡದ ಪಕಾರವು ಹಕಾರವಾಗಿ ಮಾರ್ಪಟ್ಟುದು ಸುಮಾರು ಹತ್ತನೆಯ ಶತಮಾನದಿಂದ ಮೆಲ್ಲಮೆಲ್ಲನೆ. ಪುಲಿ ಹುಲಿಯಾಯಿತು, ಪೊನ್ನು ಹೊನ್ನಾಯಿತು, ಪೆರ್ಗಡೆ ಹೆಗ್ಗಡೆಯಾದನು, ಪಂಪೆಯು ಹಂಪೆಯಾಯಿತು. ಆದುದರಿಂದ ಎಂಟನೆಯ ಶತಮಾನದವನು ಪೊನ್ನಯ್ಯನೇ ಹೊರತು ಹೊನ್ನಯ್ಯನಲ್ಲ. ಬರೆಯುವವರು ಱಕಾರ ೞಕಾರಗಳನ್ನೂ ಬಲ್ಲವರಾದರೆ ಇನ್ನೂ ಉತ್ತಮ; ಅವು ಆ ಕಾಲದ ಜನರ ನಾಲಿಗೆಯ ಮೇಲಿದ್ದ ಅಕ್ಷರಗಳು.

ಹೆಂಗಸರ ಹೆಸರುಗಳಿಗೆ ಬರುವಲ್ಲಿ ಕಲ್ಲುಗಳು ನಮಗೆ ಬಹಳ ಕಲಿಸುತ್ತವೆ. ಅಬ್ಬೆ ಎಂದರೆ ತಾಯಿ. ಅತ್ತಿಮಬ್ಬೆ, ಗುಂಡಮಬ್ಬೆ, ಅಬ್ಬಣಬ್ಬೆ, ಪಾಂಬಬ್ಬೆ, ಜಕ್ಕಿಯಬ್ಬೆ: ಇದು ಆ ಕಾಲದ ಕನ್ನಡ ಹೆಣ್ಣಿನ ಹೆಸರಿನ ಮುದ್ರೆ. ಅರಮನೆಯವರಿಗೆ ದೇವಿ, ಮಹಾದೇವಿ. ರಾಷ್ಟ್ರಕೂಟರ ಮನೆಯಿಂದ ಗಂಗ ಬೂತುಗನ ಕೈಹಿಡಿದು ಬಂದವಳು ರೇವಕನಿಮ್ಮಡಿ. ಬಾದಾಮಿಯ ಬಳಿಯ ಮಹಾಕೂಟದಲ್ಲಿ ದೇವರಿಗೆ ದಾನಕೊಟ್ಟ ವಿನಾಪೋಟಿಯ ಹೆಸರು ಬೇರೊಂದು ಬಗೆಯದು. ಶ್ರವಣಬೆಳಗೊಳದ ಚಿಕ್ಕಬೆಟ್ಟದ ಮೇಲೆ ವ್ರತವಿದ್ದು ದೇಹ ಬಿಟ್ಟ ಶಶಿಮತಿ ಗಂತಿಯಂತಹವರು ಸಂಸ್ಕೃತದ ಹೆಸರಿನ ಮುಂದೆ ಸನ್ಯಾಸಿನಿಯ ಗುರುತನ್ನು ಹೊತ್ತವರು.

ಇವರಲ್ಲಿ ಜಕ್ಕಿಯಬ್ಬೆಯ ವಿಚಾರವನ್ನು ಸ್ವಲ್ಪ ವಿಸ್ತರಿಸಬೇಕು. ಜಕ್ಕಿ ಎಂಬುದು ಯಕ್ಷಿಯ ತದ್ಭವ. ಹತ್ತನೆಯ ಶತಮಾನದ ಆದಿಯಲ್ಲಿ, ರಾಷ್ಟ್ರಕೂಟ ಕನ್ನರದೇವನ ಕಾಲದಲ್ಲಿ, ನಾಗರಖಂಡ ಎಪ್ಪತ್ತರ ನಾಳ್ಗಾವುಂಡನಾಗಿದ್ದ ಸತ್ತರಸ ನಾಗಾರ್ಜುನನು ತೀರಿಕೊಂಡನು. ಆ ಅಧಿಕಾರವನ್ನು ಅವನ ಹೆಂಡತಿ ಜಕ್ಕಿಯಬ್ಬೆಗೆ ಕೊಟ್ಟರು. ಆಕೆ ನಾಡನ್ನು ಸಮರ್ಥಳಾಗಿ ಆಳಿ, ರೋಗಕ್ಕೆ ತುತ್ತಾದಾಗ ಅಧಿಕಾರವನ್ನು ಮಗಳಿಗೆ ಒಪ್ಪಿಸಿ, ಬಂದಣಿಕೆಯ ಬಸದಿಗೆ ಹೋಗಿ ಸಲ್ಲೇಖನವ್ರತದಿಂದ ಮುಡಿಪಿದಳು. ನಮ್ಮ ತರುಣರ ಪಟ್ಟಿಯಲ್ಲಿ ನಾಡನ್ನಾಳುವ ಹೆಣ್ಣು ಇರಲಿಲ್ಲ. ಹಾಗೆ ಬರೆದರೆ ಅದು ಈ ಕಾಲದ ಕಲ್ಪನೆಯೆನಿಸೀತೆಂಬ ಅಂಜಿಕೆ ಅವರಿಗಿತ್ತು. ಕಲ್ಲು ಹೇಳುವುದು ಬೇರೆ. ಕಲ್ಪನೆಯಾಗಿದ್ದುದು ಚಂದ್ರಮುಖಿ, ನಿಜವಾಗಿದ್ದುದು ಜಕ್ಕಿಯಬ್ಬೆ.

ಧರ್ಮವೂ ಹೆಸರನ್ನು ರೂಪಿಸುತ್ತದೆ. ಜೈನಮುನಿಗಳು ಸೇನ, ನಂದಿ, ಚಂದ್ರ, ಭದ್ರ, ಕೀರ್ತಿ ಎಂದು ಕೊನೆಗೊಳ್ಳುವ ಹೆಸರುಗಳನ್ನು ತಳೆಯುತ್ತಿದ್ದರು: ವೀರಸೇನ, ಜಿನಸೇನ, ಗುಣಭದ್ರ, ಅಜಿತಸೇನ, ನೇಮಿಚಂದ್ರ. ಶೈವರಲ್ಲಿ ಕಾಳಾಮುಖ ತಪಸ್ವಿಗಳಿಗೆ ರಾಶಿ, ಶಕ್ತಿ ಎಂಬ ಅಂತ್ಯಗಳು. ನಮ್ಮ ಎಲ್ಲೆಗೆ ತುಸು ಈಚೆಗೆ ಬಳ್ಳಿಗಾವೆಯ ಕೋಡಿಯಮಠದಲ್ಲಿ ಕೇದಾರಶಕ್ತಿಯೆಂಬ ಆಚಾರ್ಯನಿದ್ದನು. ನಾಡಿನಿಂದ ನಾಡಿಗೂ ಭೇದವುಂಟು. ಪಡುವಣ ಕರಾವಳಿಯ ಆಳುಪರಲ್ಲಿ ಆಳುವರಸ, ಚಿತ್ರವಾಹನ. ಮೂಡಣ ನೊಳಂಬರಲ್ಲಿ ಪೊಳಲ್ಚೋರ, ಅಯ್ಯಪ, ದಿಲೀಪ.

ಇಲ್ಲಿ ಕೆಲವರು ಒಂದು ಪ್ರಶ್ನೆಯನ್ನು ಕೇಳುತ್ತಾರೆ: ಇವುಗಳಲ್ಲಿ ಅಚ್ಚಗನ್ನಡದ ಹೆಸರುಗಳನ್ನು ಮಾತ್ರ ಆರಿಸಿಕೊಳ್ಳಬಾರದೆ? ಇನ್ನು ಕೆಲವರು ಇದಕ್ಕೆ ವಿರುದ್ಧವಾಗಿ, ಸಂಸ್ಕೃತದವೇ ಮೂಲ, ಉಳಿದುವು ಹಳ್ಳಿಗರ ಬಾಯಲ್ಲಿ ಕೆಟ್ಟುವು ಎನ್ನುತ್ತಾರೆ. ಈ ಎರಡು ಪಕ್ಷಗಳಿಗೂ ಕವಿ ರನ್ನನ ಮನೆಯೊಂದೇ ಉತ್ತರ ಕೊಡುತ್ತದೆ. ಕ್ರಿ. ಶ. 949ರಲ್ಲಿ ಮುದುವೊಳಲಿನಲ್ಲಿ, ಬಳೆಗಾರರ ಕುಲದಲ್ಲಿ ಹುಟ್ಟಿದವನು ರನ್ನ. ಅವನ ತಂದೆ ಜಿನವಲ್ಲಭ; ತಾಯಿ ಅಬ್ಬಲಬ್ಬೆ. ಅಣ್ಣಂದಿರು ದೃಢಬಾಹು, ರೇಚಣ, ಮಾರಯ್ಯ. ಹೆಂಡಿರು ಜಕ್ಕಿ ಮತ್ತು ಶಾಂತಿ. ಮಗ ರಾಯ, ಮಗಳು ಅತ್ತಿಮಬ್ಬೆ. ರನ್ನನೆಂಬುದೇ ರತ್ನವೆಂಬುದರ ತದ್ಭವ. ಒಂದೇ ತಾಯಿಯ ಮಕ್ಕಳಲ್ಲಿ ಒಬ್ಬನು ದೃಢಬಾಹು, ಇನ್ನೊಬ್ಬನು ಮಾರಯ್ಯ! ಬಳೆಯ ಮಲಾರವನ್ನು ಹೊತ್ತು ತಿರುಗುವ ಕುಲದಲ್ಲಿ ಸಂಸ್ಕೃತದ ಹೆಸರಿಗೆ ಅಡ್ಡಿಯಿರಲಿಲ್ಲ. ಚಕ್ರವರ್ತಿಯ ಮನೆಯಲ್ಲಿ ಗೊಜ್ಜಿಗನೆನ್ನುವುದಕ್ಕೆ ನಾಚಿಕೆಯಿರಲಿಲ್ಲ. ಆ ಜನರು ಎರಡು ನುಡಿಗಳನ್ನೂ ತಮ್ಮವೆಂದೇ ಬಳಸಿದರು.

ಮಕ್ಕಳ ಹೆಸರುಗಳಲ್ಲಿ ಇನ್ನೊಂದು ಸ್ವಾರಸ್ಯವಿದೆ. ರನ್ನನನ್ನು ಪೋಷಿಸಿದವರು ಗಂಗರ ಮಂತ್ರಿ ಚಾವುಂಡರಾಯನೂ ದಾನಚಿಂತಾಮಣಿ ಅತ್ತಿಮಬ್ಬೆಯೂ. ಮಗನು ರಾಯನಾದುದೂ ಮಗಳು ಅತ್ತಿಮಬ್ಬೆಯಾದುದೂ ಆ ಋಣದಿಂದ. ಲಕ್ಕುಂಡಿಯಲ್ಲಿ 1007ರ ಶಾಸನವುಳ್ಳ ಬಸದಿಯನ್ನು ಕಟ್ಟಿಸಿದ, ಪೊನ್ನನ ‘ಶಾಂತಿಪುರಾಣ’ದ ಸಾವಿರ ಪ್ರತಿಗಳನ್ನು ಬರೆಯಿಸಿ ಹಂಚಿದಳೆಂದು ಪ್ರಸಿದ್ಧಳಾದ ಆ ಮಹಿಳೆಯ ಹೆಸರು ಹೀಗೆ ಒಬ್ಬ ಬಳೆಗಾರ ಕುಲದ ಕವಿಯ ಮಗಳಿಗೆ ಬಂತು. ಪಂಪನ ವಂಶವನ್ನು ನೋಡಿದರೂ ಇದೇ ಬಗೆ: ಮಾಧವ ಸೋಮಯಾಜಿಯಿಂದ ಅಭಿಮಾನಚಂದ್ರ, ಅವನಿಂದ ಕೊಮರಯ್ಯ, ಅವನಿಂದ ಭೀಮಪಯ್ಯನೆಂಬ ಅಭಿರಾಮದೇವರಾಯ, ಅವನ ಮಕ್ಕಳು ಪಂಪ ಮತ್ತು ಜಿನವಲ್ಲಭ. ಯಾಗಮಾಡಿದ ಪೂರ್ವಿಕನಿಂದ ಜಿನಭಕ್ತನಾದ ಮರಿಮಗನವರೆಗೆ ಒಂದು ಮನೆತನವು ನಡೆದ ದಾರಿಯು ಹೆಸರುಗಳಲ್ಲಿಯೇ ಕಾಣುತ್ತದೆ.

ಇಷ್ಟೆಲ್ಲ ಶ್ರಮವೇಕೆ, ಆಟವು ಆಟ ತಾನೆ, ಎಂದು ಕೇಳಬಹುದು. ಈ ಮಾತಿಗೆ ಆತಕೂರಿನ ಕಲ್ಲನ್ನು ಮುಂದಿಡುತ್ತೇವೆ. ಕ್ರಿ. ಶ. 949ರಲ್ಲಿ ತಕ್ಕೋಲದ ಯುದ್ಧ ನಡೆಯಿತು. ಚೋಳ ರಾಜಾದಿತ್ಯನು ಬಿದ್ದನು. ಕನ್ನರದೇವನು ಗಂಗ ಬೂತುಗನಿಗೆ ಬನವಾಸಿ ಮೊದಲಾದ ನಾಡುಗಳನ್ನು ಕೊಟ್ಟನು. ಬೂತುಗನ ಕಡೆಯಲ್ಲಿ ಮಣಲೆರನೆಂಬ ವೀರನಿದ್ದನು. ಅವನು ಮೆಚ್ಚಿನ ಕೊಡುಗೆಯಾಗಿ ಒಡೆಯನ ಬೇಟೆನಾಯಿಯನ್ನು ಬೇಡಿದನು. ಅದರ ಹೆಸರು ಕಾಳಿ. ಕೆಳಲೆನಾಡಿನ ಬೆಳತೂರಿನ ಗುಡ್ಡದಲ್ಲಿ ಒಂದು ದೊಡ್ಡ ಹಂದಿಯ ಮೇಲೆ ಕಾಳಿಯನ್ನು ಬಿಟ್ಟರು. ಹಂದಿಯೂ ನಾಯಿಯೂ ಒಂದನ್ನೊಂದು ಕೊಂದು ಬಿದ್ದುವು. ಅದಕ್ಕಾಗಿ ಆತಕೂರಿನಲ್ಲಿ, ಚಲ್ಲೇಶ್ವರನ ಗುಡಿಯ ಮುಂದೆ, ಕಲ್ಲು ನಿಲ್ಲಿಸಿ, ಭೂಮಿ ಬಿಟ್ಟು, ಆ ಕಲ್ಲಿಗೆ ಪೂಜೆ ಸಲ್ಲಿಸದೆ ಅಲ್ಲಿಯ ಗೊರವನು ಉಣಬಾರದೆಂದು ಕಟ್ಟಳೆ ಮಾಡಿದರು. ಆ ಕಲ್ಲು ಈಗ ಬೆಂಗಳೂರಿನ ವಸ್ತುಸಂಗ್ರಹಾಲಯದಲ್ಲಿದೆ. ಹೋದವರು ಅದರ ಮೇಲೆ ನಾಯಿ ಹಂದಿಗಳ ಕಾಳಗವನ್ನು ಕಾಣಬಹುದು. ಸಾಮ್ರಾಜ್ಯಗಳ ಗತಿಯನ್ನು ತಿರುಗಿಸಿದ ಯುದ್ಧದ ಸುದ್ದಿಯೂ ಒಂದು ನಾಯಿಯ ಹೆಸರೂ ಅಲ್ಲಿ ಒಂದೇ ಬಂಡೆಯ ಮೇಲಿವೆ. ಒಂದು ನಾಯಿಗೂ ಅದರ ಸ್ವಂತ ಹೆಸರನ್ನು ಉಳಿಸಿಕೊಟ್ಟ ಜನರಿಗೆ ನಾವು ಕೈಗೆ ಬಂದ ಹೆಸರನ್ನು ಹಚ್ಚುವುದು ನ್ಯಾಯವೆ?

ವೀರಗಲ್ಲಿನ ಮೇಲಿರುವ ಎಷ್ಟೋ ಮಂದಿ ತುರುಗಳನ್ನು ಬಿಡಿಸಲು ಹೋಗಿ, ಊರ ಕದನದಲ್ಲಿ ನಿಂತು, ಮಡಿದವರು. ಅವರ ರೂಪವಾಗಲಿ ಮಾತಾಗಲಿ ನಮಗೆ ಬಂದಿಲ್ಲ. ಒಂದು ಹೆಸರು ಮಾತ್ರ ಬಂದಿದೆ. ಆ ಕಾಲದ ಕಥೆಯನ್ನು ಕಟ್ಟುವ ನಾವು ಆ ಹೆಸರುಗಳನ್ನು ಬಿಟ್ಟು ರಣಧೀರರನ್ನೂ ಪ್ರತಾಪಸಿಂಹರನ್ನೂ ತಂದು ಕೂರಿಸಿದರೆ, ಇದ್ದ ಒಂದು ಗುರುತಿನಿಂದಲೂ ಅವರನ್ನು ಹೊರಗೆ ನೂಕಿದಂತಾಗುತ್ತದೆ. ಕೇಳುವ ಮಕ್ಕಳಿಗೆ ಹಳೆಯ ನಾಡೆಂದರೆ ಅರಸರು ಮಾತ್ರ ಇದ್ದ ನಾಡೆಂದು ತೋರುತ್ತದೆ. ಕಲ್ಲಿನ ಮೇಲೆ ಹೆಸರು ಕೊರೆಸುವ ಶಕ್ತಿಯಿಲ್ಲದೆ ಹೋದವರು ಇವರಿಗಿಂತಲೂ ಹೆಚ್ಚು: ಉತ್ತವರು, ಕೆರೆಯ ಮಣ್ಣು ಹೊತ್ತವರು, ಪಡೆಯ ಹಿಂದೆ ಅಡುಗೆಗೆ ಹೋದವರು. ಅವರನ್ನು ಕಥೆಯೊಳಗೆ ಕರೆದುತರುವುದಾದರೆ ಚಿಕ್ಕದಾದ, ನೆಲಕ್ಕೆ ಹತ್ತಿರವಾದ ಹೆಸರುಗಳನ್ನೇ ಕೊಡಬೇಕು. ‘ಸೇವಕ’, ‘ದಾಸಿ’ ಎಂದು ಬಿಟ್ಟುಬಿಡಬಾರದು.

ಇನ್ನು ಕಾರ್ಯಕ್ರಮವನ್ನು ಸಂಗ್ರಹವಾಗಿ ಹೇಳುತ್ತೇವೆ. ಮೊದಲು ವರ್ಷವನ್ನೂ ನಾಡನ್ನೂ ಗೊತ್ತುಮಾಡಿಕೊಳ್ಳಬೇಕು. ಬಾದಾಮಿಯ 700ನೆಯ ಇಸವಿಯೂ ಲಕ್ಕುಂಡಿಯ 1000ನೆಯ ಇಸವಿಯೂ ಒಂದೇ ಅಲ್ಲ. ಎರಡನೆಯದಾಗಿ, ಪಾತ್ರದ ವೃತ್ತಿ, ಪದವಿ, ಧರ್ಮಗಳನ್ನು ನಿಶ್ಚಯಿಸಬೇಕು. ಮೂರನೆಯದಾಗಿ, ಮನೆಯಲ್ಲಿ ಕರೆಯುವ ಹೆಸರನ್ನು ಇಟ್ಟು, ಅಗತ್ಯವಿದ್ದರೆ ಮಾತ್ರ ಸಭೆಯ ಹೆಸರನ್ನೂ ಬಿರುದನ್ನೂ ಸೇರಿಸಬೇಕು. ಬಿರುದನ್ನು ಆಟದಲ್ಲಿ ಗಳಿಸಿಕೊಳ್ಳುವಂತೆ ಏರ್ಪಡಿಸಿದರೆ ಇನ್ನೂ ಯುಕ್ತ, ಏಕೆಂದರೆ ಆ ಕಾಲದಲ್ಲಿಯೂ ಅದು ಗಳಿಸಿದ ಸೊತ್ತು. ನಾಲ್ಕನೆಯದಾಗಿ, ಇಂದಿನಂತೆ ಹೆಸರಿನ ಮುಂದೆ ಅಕ್ಷರಗಳನ್ನಾಗಲಿ ಹಿಂದೆ ಮನೆತನದ ಹೆಸರನ್ನಾಗಲಿ ಅಂಟಿಸಬಾರದು. ಇಂಥವರ ಮಗ, ಇಂಥ ಊರಿನವನು ಎಂದು ಹೇಳಿದರೆ ಸಾಕು. ಐದನೆಯದಾಗಿ, ಕಲ್ಲಿನ ಮೇಲಿರುವ ಒಬ್ಬನನ್ನೇ ಎತ್ತಿಕೊಂಡು ಬಂದು ನಮ್ಮ ಇಷ್ಟದಂತೆ ಕುಣಿಸದೆ, ದೊರೆತ ಹೆಸರುಗಳ ಅಂಗಗಳಿಂದ ಹೊಸ ಹೆಸರನ್ನು ಕಟ್ಟಬೇಕು. ಸತ್ತವರ ಹೆಸರು ಅವರದಾಗಿಯೇ ಇರಲಿ.

ಆ ತರುಣರೊಡನೆ ಕುಳಿತು ನಾವು ಹೀಗೆಯೇ ಮಾಡಿದೆವು. ತಕ್ಕೋಲದ ಯುದ್ಧ ಮುಗಿದ ಚಳಿಗಾಲ. ಗಂಗವಾಡಿಯ ಒಂದು ಊರು. ಬಿಲ್ಲುಗಾರನು ನಾಗಮಯ್ಯನ ಮಗ 'ಮಾರ'ನಾದನು. ಊರ ಹಿರಿತನ ಅವನಿಗೆ ಬಂದ ದಿನ ಮಾರಗಾವುಂಡನಾಗುವನು. ಶಿಲ್ಪಿಯು ಬೀಮಾಚಾರಿ. ಬೆಳಗೊಳಕ್ಕೆ ಹೊರಟ ಸನ್ಯಾಸಿನಿ ಚಂದ್ರಮತಿ ಗಂತಿ. ಗಂಡನನ್ನು ಕಳೆದುಕೊಂಡು ನಾಡಿನ ಭಾರವನ್ನು ಹೊತ್ತವಳು ನಾಗಿಯಬ್ಬೆ. ಚಂದ್ರಮುಖಿಯ ಪಾತ್ರವನ್ನು ವಹಿಸಿದ್ದ ಹುಡುಗಿಯು ನಾಗಿಯಬ್ಬೆಯೇ ತನಗೆ ಬೇಕೆಂದು ಆರಿಸಿಕೊಂಡಳು. ಗುಂಪಿನಲ್ಲಿ ಎಲ್ಲರಿಗಿಂತ ಚಿಕ್ಕವನು, ತಮ್ಮೊಡನೆ ಒಂದು ನಾಯಿಯೂ ಇರಲೆಂದು ಕೇಳಿದನು. ಅದಕ್ಕೆ ಕಾಳಿಯೆಂದು ಹೆಸರಿಡಬಹುದೆ ಎಂದು ಅವನೇ ಅನುಮಾನಪಟ್ಟು, ‘ಬೇಡ, ಆ ಹೆಸರು ಅದಕ್ಕೇ ಇರಲಿ’ ಎಂದು ಹೇಳಿ, ಬೇರೊಂದನ್ನು ಯೋಚಿಸುತ್ತ ಕುಳಿತನು. ನಾವು ಹೇಳಬೇಕೆಂದಿದ್ದುದು ಅವನಿಗೆ ಆಗಲೇ ತಿಳಿದಿತ್ತು.